ಗ್ಯಾಸ್‌ಲೈಟ್ ಕೆಫೆಯಲ್ಲಿ ಚಪ್ಪಾಳೆ ಯಾಕಿರಲಿಲ್ಲ?

ಪ್ರಶ್ನೆ: ಸರ್, ನ್ಯೂಯಾರ್ಕಿನ ಗ್ಯಾಸ್‌ಲೈಟ್ ಅನ್ನೋ ಕಾಫಿ ಹೌಸಿನಲ್ಲಿ ಬಾಬ್ ಡಿಲನ್ ಹಾಡುತ್ತಿದ್ದ, ಅಲ್ಲೇ ಕವಿಗಳೂ ಕವಿತೆ ಓದುತ್ತಿದ್ದರು ಅಂತ ಕೇಳಿದ್ದೇನೆ. ಇದೆಲ್ಲ ಬಾರಿನಲ್ಲೋ ಸಭಾಂಗಣದಲ್ಲೋ ನಡೆಯದೆ ಕಾಫಿ ಅಂಗಡಿಯಲ್ಲೇ ಯಾಕೆ ನಡೆಯಿತು? ಅಲ್ಲಿ ಚಪ್ಪಾಳೆ ತಟ್ಟದೆ ಚಿಟಿಕೆ ಹೊಡೆಯುತ್ತಿದ್ದರಂತೆ, ಅದು ನಿಜವಾ? ಆ ಜಾಗ ಈಗಲೂ ಇದೆಯಾ?

ಉತ್ತರ: ಚಿಟಿಕೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ಮಿಕ್ಕ ಪ್ರಶ್ನೆಗಳ ಉತ್ತರವೂ ಅರ್ಧ ಅದರೊಳಗೇ ಇದೆ. ಹೌದು, ಚಿಟಿಕೆ ಹೊಡೆಯುತ್ತಿದ್ದರು. ಆದರೆ ಅದು ಕವಿಗಳ ಸ್ಟೈಲ್ ಅಂತ ಶುರುವಾದದ್ದಲ್ಲ. ಮೇಲಿನ ಮನೆಯವರ ಕಾಟಕ್ಕೆ ಶುರುವಾದದ್ದು. ಗ್ಯಾಸ್‌ಲೈಟ್ ಇದ್ದದ್ದು ಗ್ರೀನಿಚ್ ವಿಲೇಜ್ ಅನ್ನೋ ಬಡಾವಣೆಯ 116, ಮ್ಯಾಕ್‌ಡೂಗಲ್ ಸ್ಟ್ರೀಟಿನಲ್ಲಿ, ಒಂದು ಹಳೇ ಕಟ್ಟಡದ ನೆಲಮಾಳಿಗೆಯಲ್ಲಿ. ಮೇಲೆಲ್ಲ ಬಾಡಿಗೆ ಮನೆಗಳು. ಗಾಳಿಯಾಡಲಿ ಅಂತ ಕೆಳಗಿನಿಂದ ಮೇಲಿನವರೆಗೆ ಬಿಟ್ಟಿದ್ದ ಕಿಂಡಿಯೊಂದು ಆ ಕಟ್ಟಡದಲ್ಲಿತ್ತು. ರಾತ್ರಿ ಹನ್ನೆರಡಕ್ಕೆ ಕೆಳಗೆ ನೂರು ಜನ ಚಪ್ಪಾಳೆ ತಟ್ಟಿದರೆ ಆ ಸದ್ದು ಕಿಂಡಿ ಹತ್ತಿಕೊಂಡು ಮೇಲೆ ಮಲಗಿದವರ ದಿಂಬಿನ ಪಕ್ಕಕ್ಕೇ ಹೋಗುತ್ತಿತ್ತು. ಅವರು ಪೊಲೀಸರಿಗೆ ದೂರು ಕೊಡುತ್ತಿದ್ದರು. ಅದಕ್ಕೇ ಚಿಟಿಕೆ. ಅಲ್ಲಿ ಕೂತು ಕೇಳಿದವರು, ಹಾಡಿದವರು ಎಲ್ಲರೂ ಹೇಳಿರುವ ಕಾರಣ ಇದೇ. ಆಮೇಲೆ ಕಪ್ಪು ಟೋಪಿ ಹಾಕಿಕೊಂಡ ಕವಿಗೆ ಚಿಟಿಕೆ ಹೊಡೆಯುವುದು ಸಿನಿಮಾ ಕಾರ್ಟೂನುಗಳಲ್ಲೆಲ್ಲ ಬಂತು, ಕಾರಣ ಮರೆತುಹೋಯಿತು.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, ಗ್ಯಾಸ್‌ಲೈಟ್ ಬಗ್ಗೆ ಬರೆಯುವವರು ಅದನ್ನು ಒಂದು ಗುಡಿ ಮಾಡಿಬಿಡುತ್ತಾರೆ. ಮಂದ ಬೆಳಕು, ಸಿಗರೇಟಿನ ಹೊಗೆ, ಗಿಟಾರು, ಕ್ರಾಂತಿ. ಇರಲಿ, ಹೊಗೆ ಇದ್ದದ್ದಂತೂ ನಿಜ. ಆದರೆ ಅಲ್ಲಿ ನಡೆದದ್ದರಲ್ಲಿ ಮುಕ್ಕಾಲು ಪಾಲಿಗೆ ಕಾರಣ ಹುಡುಕಿದರೆ ಸಿಗುವುದು ಬಾಡಿಗೆ, ಲೈಸೆನ್ಸು, ಸೂರಿನ ಎತ್ತರ, ಮೇಲಿನ ಮನೆಯವರ ನಿದ್ದೆ. ಹೆಂಡ ಮಾರುವ ಹಾಗಿಲ್ಲ, ಸದ್ದು ಮಾಡುವ ಹಾಗಿಲ್ಲ, ದೊಡ್ಡ ವಾದ್ಯ ಇಡಲು ಜಾಗ ಇಲ್ಲ. ಹಾಗಿರುವ ಕೋಣೆಯಲ್ಲಿ ಏನು ಮಾಡಬಹುದು? ಒಬ್ಬ ಕೂತು ಮಾತಾಡಬಹುದು, ಇಲ್ಲವೇ ಒಬ್ಬ ಒಂದು ಗಿಟಾರು ಇಟ್ಟುಕೊಂಡು ಹಾಡಬಹುದು. ಜನ ಬಾಯಿ ಮುಚ್ಚಿಕೊಂಡು ಮಾತು ಕೇಳಬಹುದು. ನನ್ನ ಪ್ರಕಾರ ಇಷ್ಟೇ ವಿಷಯ. ಮಿಕ್ಕದ್ದೆಲ್ಲ ಇದರ ವಿವರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಫಿ ಮತ್ತು ಕವಿತೆಯ ಜೋಡಿ ಅಮೆರಿಕದವರ ಹೊಸ ಐಡಿಯಾ ಏನಲ್ಲ. ಇಸ್ತಾಂಬುಲಿನಲ್ಲಿ 1550ರ ದಶಕದಲ್ಲಿ ಕಾಫಿ ಮನೆಗಳು ಬಂದವು, ಅವುಗಳ ಬೆನ್ನಿಗೇ ಕಥೆ ಹೇಳುವವರು ಬಂದರು, ಆಶಿಕ್ ಅನ್ನೋ ಅಲೆಮಾರಿ ಹಾಡುಗಾರರು ತಂತಿವಾದ್ಯ ಹಿಡಿದು ಬಂದು ಹಾಡಿದರು. ಇರಾನಿನ ಕಾಫಿ ಮನೆಗಳಲ್ಲಿ ಶಾಹನಾಮೆ ಅನ್ನೋ ಮಹಾಕಾವ್ಯದ ಕಥೆಗಳನ್ನು ಅಭಿನಯಿಸಿ ಹೇಳುವ ನಕ್ಕಾಲರಿದ್ದರು. ಲಂಡನ್ನಿನಲ್ಲಿ ಮೊದಲ ಕಾಫಿ ಅಂಗಡಿ ಬಂದದ್ದು 1652ರಲ್ಲಿ, 1675ರಲ್ಲಿ ರಾಜ ಎರಡನೇ ಚಾರ್ಲ್ಸ್ ಅವನ್ನೆಲ್ಲ ಮುಚ್ಚಿಸುತ್ತೇನೆ ಅಂತ ಹೊರಟು, ಜನರ ಗಲಾಟೆಗೆ ಹೆದರಿ ಕೆಲವೇ ದಿನಗಳಲ್ಲಿ ಆಜ್ಞೆ ವಾಪಸ್ ತೆಗೆದುಕೊಂಡ. ಕಾಫಿ ಕುಡಿದವನು ಮಲಗುವುದಿಲ್ಲ, ಮಾತಾಡುತ್ತಾನೆ. ಅಧಿಕಾರದಲ್ಲಿ ಇರುವವರಿಗೆ ಅದು ಎಲ್ಲ ಕಾಲದಲ್ಲೂ ತಲೆನೋವೇ.

ಈಗ ಮ್ಯಾಕ್‌ಡೂಗಲ್ ಸ್ಟ್ರೀಟಿಗೆ ಬರೋಣ. ಅದು ಇಟಲಿಯಿಂದ ಬಂದವರು ನೆಲೆಸಿದ್ದ ಬೀದಿ. ಅಲ್ಲಿನ ಕೆಫೆ ರೆಜಿಯೊ 1927ರಿಂದ ಇದೆ, 119ನೇ ನಂಬರಿನಲ್ಲಿ, ಗ್ಯಾಸ್‌ಲೈಟಿನ ಹತ್ತಿರವೇ. ಎಸ್‌ಪ್ರೆಸೊ ಯಂತ್ರ ಇಟ್ಟುಕೊಂಡು, ಒಂದು ಪುಟ್ಟ ಕಪ್ಪು ಕೊಟ್ಟು, ಗಂಟೆಗಟ್ಟಲೆ ಕೂತರೂ ಏಳಿ ಅನ್ನದ ಪದ್ಧತಿ ಆ ಬೀದಿಗೆ ಮೊದಲೇ ಇತ್ತು. ಬಾಡಿಗೆ ಕಮ್ಮಿ ಅಂತ ಚಿತ್ರಕಾರರು, ಬರಹಗಾರರು ಬಂದು ಸೇರಿಕೊಂಡರು. ನ್ಯೂಯಾರ್ಕ್ ಯೂನಿವರ್ಸಿಟಿ ಎರಡು ಹೆಜ್ಜೆ ದೂರ. ಕೈಯಲ್ಲಿ ಕಾಸಿಲ್ಲದ, ಆದರೆ ಟೈಮು ಬೇಕಾದಷ್ಟಿದ್ದ ಜನಕ್ಕೆ ಇಂಥ ಜಾಗ ಬೇಕಿತ್ತು.

ಗ್ಯಾಸ್‌ಲೈಟನ್ನು 1958ರಲ್ಲಿ ಶುರು ಮಾಡಿದವನು ಜಾನ್ ಮಿಚೆಲ್. ಆ ನೆಲಮಾಳಿಗೆ ಎಷ್ಟು ತಗ್ಗಾಗಿತ್ತೆಂದರೆ ಒಳಗೆ ನೆಟ್ಟಗೆ ನಿಲ್ಲುವುದು ಕಷ್ಟವಾಗಿತ್ತಂತೆ. ಸೂರು ಎತ್ತರಿಸಲು ಆಗುವುದಿಲ್ಲ, ಮೇಲೆ ಜನ ಇದ್ದಾರೆ. ಮಿಚೆಲ್ ನೆಲವನ್ನೇ ಅಗೆದು ತಗ್ಗಿಸಿದ. ಅಗೆದ ಮಣ್ಣು ಸಾಗಿಸಲು ದುಡ್ಡಿಲ್ಲದೆ ರಾತ್ರಿ ಹೊತ್ತು ಅಕ್ಕಪಕ್ಕದ ಕಸದ ಡಬ್ಬಿಗಳಿಗೆ ಸ್ವಲ್ಪ ಸ್ವಲ್ಪವೇ ಸುರಿಯುತ್ತಿದ್ದ ಅಂತ, ಮುಂದೆ ಅಲ್ಲಿ ವರ್ಷಗಟ್ಟಲೆ ಹಾಡಿದ ಡೇವ್ ವ್ಯಾನ್ ರಾಂಕ್ ಕಥೆ ಹೇಳುತ್ತಿದ್ದ. ವ್ಯಾನ್ ರಾಂಕ್ ಕಥೆ ಕಟ್ಟುವುದರಲ್ಲಿ ಪಳಗಿದವನು, ಆದ್ದರಿಂದ ಒಂದು ಚಿಟಿಕೆ ಉಪ್ಪು ಬೆರೆತಿರಬಹುದು.

ಆಗ ಅದು ಹಾಡಿನ ಜಾಗವೇ ಅಲ್ಲ, ಗ್ಯಾಸ್‌ಲೈಟ್ ಪೊಯೆಟ್ರಿ ಕೆಫೆ. ಕವಿತೆಯ ಗಾಳಿ ಬೀಸಿದ್ದು ಪಶ್ಚಿಮದಿಂದ. 1955ರ ಅಕ್ಟೋಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಿಕ್ಸ್ ಗ್ಯಾಲರಿಯಲ್ಲಿ ಅಲೆನ್ ಗಿನ್ಸ್‌ಬರ್ಗ್ ತನ್ನ ‘ಹೌಲ್’ ಕವಿತೆಯನ್ನು ಓದಿದ. ಆಮೇಲೆ ಅದನ್ನು ಪುಸ್ತಕವಾಗಿ ಮಾರಿದವರ ಮೇಲೆ ಅಶ್ಲೀಲದ ಕೇಸು ಬಿತ್ತು, 1957ರಲ್ಲಿ ಕೋರ್ಟು ಅದು ಅಶ್ಲೀಲ ಅಲ್ಲ ಅಂತ ತೀರ್ಪು ಕೊಟ್ಟಿತು. ಕೇಸು ಹಾಕಿದವರು ಪುಣ್ಯ ಕಟ್ಟಿಕೊಂಡರು ಅನ್ನಬೇಕು, ಯಾಕೆಂದರೆ ಅಷ್ಟು ಪ್ರಚಾರ ಆ ಕವಿತೆಗೆ ಬೇರೆ ಯಾವ ದಾರಿಯಲ್ಲೂ ಸಿಗುತ್ತಿರಲಿಲ್ಲ. ಕವಿತೆ ಅಂದರೆ ಪುಸ್ತಕದಲ್ಲಿ ಓದುವುದಲ್ಲ, ಒಬ್ಬ ನಿಂತು ಬಾಯಿಬಿಟ್ಟು ಹೇಳಬೇಕು, ಹತ್ತು ಜನ ಕೂತು ಕೇಳಬೇಕು ಅನ್ನುವ ಹುಮ್ಮಸ್ಸು ಹಬ್ಬಿತು. ಬೀಟ್ ಕವಿಗಳು ಅನ್ನಿಸಿಕೊಂಡ ಗಿನ್ಸ್‌ಬರ್ಗ್, ಗ್ರೆಗರಿ ಕೊರ್ಸೊ, ಟೆಡ್ ಜೋನ್ಸ್ ಗ್ಯಾಸ್‌ಲೈಟಿನಲ್ಲಿ ಓದಿದರು.

ಅಷ್ಟರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅಂಕಣಕಾರ ಹರ್ಬ್ ಕೇನ್ 1958ರ ಏಪ್ರಿಲಿನಲ್ಲಿ ಇವರಿಗೆಲ್ಲ ಗೇಲಿಯಾಗಿ ‘ಬೀಟ್ನಿಕ್’ ಅಂತ ಹೆಸರಿಟ್ಟ. ಹೆಸರು ಸಿಕ್ಕಿತು, ಇನ್ನೇನು, ನೋಡಲು ಜನ ಬಂದರು. ವಾರಾಂತ್ಯದಲ್ಲಿ ಬಸ್ಸು ಹತ್ತಿ ಬೀಟ್ನಿಕ್ಕುಗಳನ್ನು ನೋಡಲು ಬರುವ ಸಂಸಾರಸ್ಥರ ಗುಂಪು. ಫ್ರೆಡ್ ಮೆಕ್‌ಡಾರಾ ಅನ್ನೋ ಫೋಟೋಗ್ರಾಫರ್ ನಿಮ್ಮ ಮನೆ ಪಾರ್ಟಿಗೆ ಬೀಟ್ನಿಕ್ಕುಗಳನ್ನು ಬಾಡಿಗೆಗೆ ಕಳಿಸುತ್ತೇವೆ ಅಂತ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಜಾಹೀರಾತೇ ಕೊಟ್ಟ. ತಮಾಷೆಗೆ ಶುರು ಮಾಡಿದ್ದು, ಜನ ನಿಜವಾಗಿ ಕರೆಸಿಕೊಂಡರು.

ಇಲ್ಲಿಂದ ಕಥೆ ತಿರುಗುತ್ತದೆ, ಮತ್ತು ನನಗೆ ಬಹಳ ಇಷ್ಟವಾದ ಭಾಗ ಇದು. ಕವಿತೆ ಕೇಳಲು ಬಂದ ಗುಂಪು ಒಂದು ಕಾಫಿ ತೆಗೆದುಕೊಂಡು ಏಳುವುದೇ ಇಲ್ಲ. ಹೊರಗೆ ಮೆಟ್ಟಿಲ ಮೇಲೆ ಇನ್ನೊಂದು ಗುಂಪು ಕಾಯುತ್ತಿದೆ. ಹೆಂಡದಂಗಡಿಯಾದರೆ ಕೂತವನು ಮತ್ತೆ ಮತ್ತೆ ತರಿಸುತ್ತಾನೆ, ಕೂತಷ್ಟೂ ಲಾಭ. ಕಾಫಿ ಎಷ್ಟು ಕುಡಿದಾನು? ಆದ್ದರಿಂದ ಮಾಲೀಕರಿಗೆ ಬೇಕಾದದ್ದು ಜನ ಎದ್ದು ಹೋಗುವುದು. ಅದಕ್ಕೊಂದು ಉಪಾಯ ಕಂಡುಕೊಂಡರು, ಕವಿಗಳ ನಡುವೆ ಒಬ್ಬ ಹಾಡುಗಾರನನ್ನು ಬಿಡುವುದು. ಜನಪದ ಹಾಡು ಕೇಳಿದ ಕೂಡಲೇ ಜನ ಎದ್ದು ಹೋಗುತ್ತಾರೆ ಅನ್ನೋ ಲೆಕ್ಕ. ಮೂರು ಹಾಡು ಮುಗಿದ ಮೇಲೂ ಯಾರಾದರೂ ಕೂತಿದ್ದರೆ ಹಾಡುಗಾರನ ಕೆಲಸ ಹೋಯಿತು ಅಂತಲೇ ಅರ್ಥ ಎಂದು ವ್ಯಾನ್ ರಾಂಕ್ ನಗುತ್ತಾ ಹೇಳಿಕೊಂಡಿದ್ದಾನೆ. ಮುಂದೆ ಯಾವ ಹಾಡಿನಿಂದ ಆ ಬೀದಿ ಜಗತ್ಪ್ರಸಿದ್ಧ ಆಯಿತೋ, ಅದು ಒಳಗೆ ಬಂದದ್ದು ಪೊರಕೆಯ ಕೆಲಸಕ್ಕೆ! ಒಂದೆರಡು ವರ್ಷದಲ್ಲಿ ಲೆಕ್ಕ ತಿರುಗುಮುರುಗಾಯಿತು. ಜನ ಹಾಡುಗಾರರಿಗಾಗಿ ಬರತೊಡಗಿದರು, ಕವಿಗಳು ಹಿಂದೆ ಸರಿದರು.

ದುಡ್ಡಿನ ವಿಷಯ ಕೇಳುತ್ತೀರಿ ಅಂತ ಗೊತ್ತು. ಆ ಬೀದಿಯ ಬಹಳಷ್ಟು ಕಡೆ ಸಂಬಳ ಅನ್ನುವುದೇ ಇರಲಿಲ್ಲ. ಹಾಡಿದ ಮೇಲೆ ಒಂದು ಬುಟ್ಟಿ ಹಿಡಿದು ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುವುದು. ಬುಟ್ಟಿಗೆ ಬಿದ್ದದ್ದೇ ಸಂಪಾದನೆ. ಅಂಥ ಜಾಗಕ್ಕೆ ಬುಟ್ಟಿ ಮನೆ ಅಂತಲೇ ಹೆಸರು. ಗ್ಯಾಸ್‌ಲೈಟೂ ಹಾಗೇ ಶುರುವಾದದ್ದು. ಆಮೇಲೆ ಅಲ್ಲಿ ವಾರದ ಲೆಕ್ಕದಲ್ಲಿ ದುಡ್ಡು ಕೊಡುವುದು ಬಂತು, ಅದಕ್ಕೇ ಬೀದಿಯ ಎಲ್ಲ ಹಾಡುಗಾರರಿಗೂ ಅಲ್ಲಿ ಜಾಗ ಸಿಗಬೇಕು ಅನ್ನೋ ಆಸೆ.

ಇನ್ನು ಲೈಸೆನ್ಸು. ಬಾರಿನಲ್ಲಿ ಯಾಕಲ್ಲ ಅನ್ನುವ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ. ನ್ಯೂಯಾರ್ಕಿನಲ್ಲಿ 1926ರಿಂದ ಕ್ಯಾಬರೆ ಕಾನೂನು ಅಂತ ಒಂದಿತ್ತು. ತಿನ್ನಲು ಕುಡಿಯಲು ಕೊಡುವ ಜಾಗದಲ್ಲಿ ಹಾಡು ಕುಣಿತ ನಡೆಯಬೇಕಾದರೆ ಅದಕ್ಕೆ ಪ್ರತ್ಯೇಕ ಲೈಸೆನ್ಸು ಬೇಕು. ಸಾಲದ್ದಕ್ಕೆ 1940ರಿಂದ ಕ್ಯಾಬರೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಪೊಲೀಸರ ಹತ್ತಿರ ಹೋಗಿ ಬೆರಳಚ್ಚು ಕೊಟ್ಟು ಕಾರ್ಡು ಮಾಡಿಸಿಕೊಳ್ಳಬೇಕಿತ್ತು. ಆ ಕಾರ್ಡು ಕಿತ್ತುಕೊಂಡರೆ ಮುಗಿಯಿತು, ಹೊಟ್ಟೆ ಮೇಲೆ ಹೊಡೆದ ಹಾಗೆ. ಬಿಲ್ಲಿ ಹಾಲಿಡೇ, ಥೆಲೋನಿಯಸ್ ಮಾಂಕ್‌ರಂಥ ದೊಡ್ಡ ಜಾಜ್ ಕಲಾವಿದರು ವರ್ಷಗಟ್ಟಲೆ ಆ ಊರಿನ ಕ್ಲಬ್ಬುಗಳಲ್ಲಿ ಹಾಡಲು ನುಡಿಸಲು ಆಗದೆ ಕೂತಿದ್ದರು. ಕಾರ್ಡಿನ ಪದ್ಧತಿ ಹೋದದ್ದು 1967ರಲ್ಲಿ. ಮೂಲ ಕಾನೂನು ರದ್ದಾದದ್ದು 2017ರಲ್ಲಿ, ಅಂದರೆ ಮೊನ್ನೆ ಮೊನ್ನೆ.

ಕಾಫಿ ಅಂಗಡಿ ಇದರ ಸಂದಿಯಲ್ಲಿ ನುಸುಳಿತು. ಹೆಂಡದ ಲೈಸೆನ್ಸಿನ ಖರ್ಚಿಲ್ಲ. ಇವನು ಕೂಲಿಯವನಲ್ಲ ಸ್ವಾಮಿ, ಸುಮ್ನೆ ಬಂದು ಗಿಟಾರು ಬಾರಿಸುತ್ತಿದ್ದಾನೆ ಅಂತ ಹೇಳಬಹುದು. ಇದು ಪೂರ್ತಿ ಕಾನೂನುಬದ್ಧವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಪೊಲೀಸರು, ಅಗ್ನಿಶಾಮಕದವರು ಆಗಾಗ ಬಂದು ಬೀಗ ಹಾಕಿಸುವ ಮಾತಾಡುತ್ತಿದ್ದರು, ಮಿಚೆಲ್ ಅವರ ಜೊತೆ ಬಹಿರಂಗವಾಗಿಯೇ ಜಗಳಕ್ಕೆ ನಿಂತ. ಬೇಸತ್ತನೋ ಏನೋ, 1961ರಲ್ಲಿ ಮಿಸಿಸಿಪ್ಪಿಯಿಂದ ಬಂದಿದ್ದ ಕ್ಲಾರೆನ್ಸ್ ಹುಡ್ ಅನ್ನುವವರಿಗೆ ಜಾಗ ಮಾರಿದ. ಹುಡ್ ಮತ್ತು ಅವರ ಮಗ ಸ್ಯಾಮ್ ನಡೆಸಿಕೊಂಡು ಹೋದರು.

ಬಾರಿನಲ್ಲಿ ಜನಪದ ಹಾಡು ನಡೆಯಲೇ ಇಲ್ಲ ಅಂತ ಮಾತ್ರ ತಿಳಿಯಬೇಡಿ. ಮೈಕ್ ಪೋರ್ಕೊ ನಡೆಸುತ್ತಿದ್ದ ಗರ್ಡೀಸ್ ಫೋಕ್ ಸಿಟಿ ಹೆಂಡ ಮಾರುವ ಜಾಗವೇ. 1961ರ ಏಪ್ರಿಲಿನಲ್ಲಿ ಡಿಲನ್‌ಗೆ ಅಲ್ಲಿ ಮೊದಲ ದೊಡ್ಡ ಅವಕಾಶ ಸಿಕ್ಕಾಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಕಾಗದಪತ್ರಕ್ಕೆ ಪೋಷಕರ ಸಹಿ ಬೇಕಾದಾಗ ಪೋರ್ಕೊ ತಾನೇ ಹಾಕಿದರಂತೆ. ನೋಡಿ, ಬಾರಿನಲ್ಲಿ ಹಾಡಬೇಕಾದರೆ ಇಷ್ಟೆಲ್ಲ ತಾಪತ್ರಯ. ಕಾಫಿ ಅಂಗಡಿಗೆ ಗಿಟಾರು ಹೊತ್ತುಕೊಂಡು ಬಂದರೆ ಸಾಕಾಗಿತ್ತು. ಡಿಲನ್ ಆ ಊರಿಗೆ ಬಂದಿಳಿದ ದಿನವೇ, 1961ರ ಜನವರಿ 24ರ ರಾತ್ರಿ, ಗ್ಯಾಸ್‌ಲೈಟಿನ ಎದುರು ಮಗ್ಗುಲಿನ ಕೆಫೆ ವ್ಹಾದಲ್ಲಿ ಹತ್ತಿ ಹಾಡಿದ. ಯಾರೂ ಕಾರ್ಡು ಕೇಳಲಿಲ್ಲ.

ಬೇರೆ ಊರುಗಳಲ್ಲಿ ಕಾರಣ ಸ್ವಲ್ಪ ಬೇರೆ. ಹಾರ್ವರ್ಡ್ ಇರುವ ಕೇಂಬ್ರಿಡ್ಜ್ ತೆಗೆದುಕೊಳ್ಳಿ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಆಗ ಕುಡಿಯಲು 21 ತುಂಬಿರಬೇಕು. ಊರು ತುಂಬ ಹದಿನೆಂಟು ಹತ್ತೊಂಬತ್ತರ ವಿದ್ಯಾರ್ಥಿಗಳು, ಸಂಜೆ ಹೋಗಲು ಜಾಗ ಇಲ್ಲ. ಅಲ್ಲಿ 1958ರಲ್ಲಿ ಇಬ್ಬರು ಹೆಣ್ಣುಮಕ್ಕಳು ಕ್ಲಬ್ 47 ಶುರು ಮಾಡಿದರು, ಮೊದಲಿಗೆ ಜಾಜ್ ಸಂಗೀತಕ್ಕೆ. ಮುಂದೆ ಜನಪದ ಹಾಡಿನಲ್ಲಿ ದೊಡ್ಡ ಹೆಸರು ಮಾಡಿದ ಜೋನ್ ಬಯೆಜ್ ಅದೇ ವರ್ಷ ಅಲ್ಲಿ ಮೊದಲ ಸಲ ಹಾಡಿದಾಗ ಕೇಳಲು ಇದ್ದವರು ಎಂಟು ಜನ. ಅದರಲ್ಲಿ ಅಪ್ಪ, ಅಮ್ಮ, ತಂಗಿಯೂ ಸೇರಿದ್ದರು. ಕೈಗೆ ಬಂದದ್ದು ಹತ್ತು ಡಾಲರ್.

ಹಾಡು ಎಲ್ಲಿಂದ ಬಂತು ಅಂತ ಕೇಳಿದರೆ ಎರಡು ಕಡೆ ಕೈ ತೋರಿಸಬೇಕು. ಒಂದು, ವಾಷಿಂಗ್ಟನ್ ಸ್ಕ್ವೇರ್ ಪಾರ್ಕು. 1940ರ ದಶಕದಿಂದಲೂ ಭಾನುವಾರ ಮಧ್ಯಾಹ್ನ ಅಲ್ಲಿನ ಕಾರಂಜಿಯ ಸುತ್ತ ಬ್ಯಾಂಜೊ ಗಿಟಾರು ಹಿಡಿದವರು ಸೇರುತ್ತಿದ್ದರು. ಎರಡು, ಹ್ಯಾರಿ ಸ್ಮಿತ್ ಅನ್ನುವ ವಿಚಿತ್ರ ಮನುಷ್ಯ 1952ರಲ್ಲಿ ಫೋಕ್‌ವೇಸ್ ಅನ್ನೋ ರೆಕಾರ್ಡು ಕಂಪನಿಗೆ ಮಾಡಿಕೊಟ್ಟ ಹಳೇ ಹಾಡುಗಳ ಸಂಗ್ರಹ. 1927ರಿಂದ 1932ರ ನಡುವೆ ಬಂದಿದ್ದ ಗ್ರಾಮಫೋನ್ ತಟ್ಟೆಗಳಿಂದ ಆರಿಸಿದ 84 ಹಾಡು. ಬೆಟ್ಟದ ಕಡೆಯ ಬಿಳಿಯರು, ಹತ್ತಿ ಹೊಲದ ಕರಿಯರು, ಯಾರು ಯಾವ ಬಣ್ಣ ಅಂತ ಬರೆಯದೆ ಎಲ್ಲ ಒಟ್ಟಿಗೆ. ಗ್ಯಾಸ್‌ಲೈಟಿನ ಹುಡುಗರು ಇದನ್ನು ಪಠ್ಯಪುಸ್ತಕದ ಹಾಗೆ ಉರುಹೊಡೆದಿದ್ದರು. ಮ್ಯಾಕ್‌ಡೂಗಲ್ ಸ್ಟ್ರೀಟಿನ 110ರಲ್ಲಿ ಇಜ್ಜಿ ಯಂಗ್ 1957ರಲ್ಲಿ ತೆರೆದ ಫೋಕ್‌ಲೋರ್ ಸೆಂಟರ್ ಅನ್ನೋ ಪುಸ್ತಕದಂಗಡಿ ಇವರಿಗೆಲ್ಲ ಅಡ್ಡೆ. ವ್ಯಾಪಾರ ಅಷ್ಟಕ್ಕಷ್ಟೇ, ಹರಟೆ ಜಾಸ್ತಿ.

1961ರ ವಸಂತದಲ್ಲಿ ಪಾರ್ಕಿನ ಅಧಿಕಾರಿ ಭಾನುವಾರದ ಹಾಡಿಗೆ ಪರವಾನಗಿ ಕೊಡಲ್ಲ ಅಂದ. ಏಪ್ರಿಲ್ 9ರಂದು ಯಂಗ್ ನೂರಾರು ಜನರನ್ನು ಕಟ್ಟಿಕೊಂಡು ಪಾರ್ಕಿಗೆ ಹೋಗಿ, ರಾಷ್ಟ್ರಗೀತೆ ಹಾಡುತ್ತಿರುವವರಿಗೆ ಪೊಲೀಸರು ಹೊಡೆಯಲಾರರು ಅಂತ ಅದನ್ನೇ ಹಾಡಿಸಿದ. ಹೊಡೆದಾಟ ಆದದ್ದು ಆಮೇಲೆ. ಕೆಲವರನ್ನು ಹಿಡಿದರು, ಪತ್ರಿಕೆಗಳಲ್ಲಿ ಬೀಟ್ನಿಕ್ ದೊಂಬಿ ಅಂತ ಬಂತು, ಮುಂದಿನ ತಿಂಗಳು ಹಾಡಿಗೆ ಮತ್ತೆ ಅವಕಾಶ ಸಿಕ್ಕಿತು. ದೊಂಬಿ ಅನ್ನುವಷ್ಟು ಏನೂ ಆಗಿರಲಿಲ್ಲ.

ಗ್ಯಾಸ್‌ಲೈಟಿನ ಒಳಗೆ ಹೇಗಿತ್ತು? ನೂರು ಚಿಲ್ಲರೆ ಜನ ಹಿಡಿಯುವ ಕತ್ತಲ ಕೋಣೆ. ಕಾರ್ಯಕ್ರಮ ಪರಿಚಯಿಸಲು, ನಗಿಸಲು ನೋಯಲ್ ಸ್ಟೂಕಿ ಇದ್ದ, ಆಮೇಲೆ ಪೀಟರ್ ಪಾಲ್ ಮೇರಿ ಅನ್ನೋ ಹಾಡುಗಾರರ ತಂಡದಲ್ಲಿ ಪಾಲ್ ಆದವನು ಅವನೇ. ಕವಿಗಳನ್ನು ಕರೆತರುವ ಹೊಣೆ ಹ್ಯೂ ರಾಮ್ನಿಯದು. ತಮ್ಮ ಸರದಿ ಬರುವವರೆಗೆ ಹಾಡುಗಾರರು ಮೇಲಿನ ಒಂದು ಕೋಣೆಯಲ್ಲಿ ಚಿಲ್ಲರೆ ಕಾಸಿಟ್ಟು ಇಸ್ಪೀಟ್ ಆಡುತ್ತಿದ್ದರು. ಕಾಫಿಯಲ್ಲಿ ತೃಪ್ತಿಯಾಗದವರಿಗೆ ಪಕ್ಕದಲ್ಲೇ ಕೆಟಲ್ ಆಫ್ ಫಿಶ್ ಅನ್ನೋ ಬಾರು. ಅಂದರೆ ಕೇಳುವವರು ಕಾಫಿ ಕುಡಿಯುತ್ತಿದ್ದರು, ಹಾಡುವವರು ಹಾಡಿ ಮುಗಿಸಿ ಪಕ್ಕಕ್ಕೆ ಹೋಗುತ್ತಿದ್ದರು. ಬಾರಿನಲ್ಲಿ ಹಾಡು ಊಟದ ಜೊತೆ ಉಪ್ಪಿನಕಾಯಿ ಇದ್ದ ಹಾಗೆ. ಗ್ಲಾಸಿನ ಸದ್ದು, ಕೂಗಾಟ, ಮಧ್ಯೆ ಯಾರೋ ಹಾಡುತ್ತಿರುತ್ತಾರೆ. ಇಲ್ಲಿ ಹಾಡು ಬಿಟ್ಟರೆ ಬೇರೆ ಊಟವೇ ಇಲ್ಲ. ಪದ ನುಂಗಿದರೆ ಮೊದಲ ಸಾಲಿನವನಿಗೆ ಗೊತ್ತಾಗುತ್ತದೆ.

ಮತ್ತೆ ಆ ಜನ ಕವಿತೆ ಕೇಳಿ ಪಳಗಿದವರು. ಉದ್ದುದ್ದ ಸಾಲು, ಅರ್ಥ ತಕ್ಷಣ ಆಗದ ಚಿತ್ರಗಳು, ಇವಕ್ಕೆಲ್ಲ ತಾಳ್ಮೆ ಇತ್ತು. ಹಳೇ ಹಾಡನ್ನೇ ಹಾಡುತ್ತಿದ್ದ ಹುಡುಗರು ತಮ್ಮದೇ ಹಾಡು ಬರೆಯಲು ಧೈರ್ಯ ಮಾಡಿದ್ದು ಇಂಥ ಕೋಣೆಯಲ್ಲಿ ಅನ್ನುವುದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ಟಾಮ್ ಪ್ಯಾಕ್ಸ್‌ಟನ್ ತನ್ನ ಮೊದಲ ರೆಕಾರ್ಡು ಮಾಡಿದ್ದು 1962ರಲ್ಲಿ, ಅಲ್ಲೇ, ಜನರ ಮುಂದೆ. ಡಿಲನ್ ‘ಎ ಹಾರ್ಡ್ ರೇನ್ಸ್ ಎ-ಗೊನ್ನ ಫಾಲ್’ ಬರೆದದ್ದು ಅದೇ ವರ್ಷದ ಬೇಸಿಗೆಯಲ್ಲಿ. ಅದು ಪ್ರಶ್ನೋತ್ತರದ ಹಳೇ ಲಾವಣಿಯ ಧಾಟಿ, ಒಳಗೆ ತುಂಬಿದ್ದು ಬೀಟ್ ಕವಿತೆಯ ಹಾಗೆ ಒಂದರ ಮೇಲೊಂದು ಬೀಳುವ ಚಿತ್ರಗಳು. ಕವಿಯ ಸರದಿ ಮತ್ತು ಹಾಡುಗಾರನ ಸರದಿ ಒಂದೇ ಹಾಡಿನಲ್ಲಿ ಬಂದ ಹಾಗೆ. ಇದು ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟಿನ ಬಗ್ಗೆ ಬರೆದ ಹಾಡು ಅಂತ ಬಹಳ ಜನ ಬರೆಯುತ್ತಾರೆ, ನೀವೂ ಓದಿರುತ್ತೀರಿ. ತಪ್ಪು. ಅಮೆರಿಕ ರಷ್ಯಾ ಅಣುಯುದ್ಧದ ಅಂಚಿಗೆ ಬಂದಿದ್ದ ಆ ಬಿಕ್ಕಟ್ಟು ಅಕ್ಟೋಬರಿನದು. ಡಿಲನ್ ಈ ಹಾಡನ್ನು ಸೆಪ್ಟೆಂಬರ್ 22ರಂದೇ ಕಾರ್ನೆಗಿ ಹಾಲಿನಲ್ಲಿ ಹಾಡಿಯಾಗಿತ್ತು.

ಮಿಸಿಸಿಪ್ಪಿ ಜಾನ್ ಹರ್ಟ್ ಬಗ್ಗೆ ಹೇಳದೆ ಹೋದರೆ ಗ್ಯಾಸ್‌ಲೈಟಿನ ಕಥೆ ಅರ್ಧ. ಹ್ಯಾರಿ ಸ್ಮಿತ್ ಸಂಗ್ರಹದ ಆ 84 ಹಾಡಿನಲ್ಲಿ ಎರಡು ಈ ಹಳೇ ಹಾಡುಗಾರರವು. 1928ರಲ್ಲಿ ಒಂದಷ್ಟು ರೆಕಾರ್ಡು ಮಾಡಿ, ಅವು ಮಾರಾಟ ಆಗದೆ, ವಾಪಸ್ ಊರಿಗೆ ಹೋಗಿ ಹೊಲದ ಕೆಲಸ ಮಾಡಿಕೊಂಡಿದ್ದರು. ಸತ್ತೇ ಹೋಗಿರಬೇಕು ಅಂತ ಎಲ್ಲರೂ ತಿಳಿದಿದ್ದರು. ಅವರ ಒಂದು ಹಾಡಿನಲ್ಲಿ ಅವಲಾನ್ ನನ್ನ ಊರು ಅನ್ನುವ ಮಾತು ಬರುತ್ತದೆ. 1963ರಲ್ಲಿ ಟಾಮ್ ಹಾಸ್ಕಿನ್ಸ್ ಅನ್ನೋ ಯುವಕ ಒಂದು ಹಳೇ ನಕ್ಷೆಯಲ್ಲಿ ಆ ಊರು ಹುಡುಕಿ, ಅಲ್ಲಿಗೇ ಹೋಗಿ ವಿಚಾರಿಸಿದ. ಹರ್ಟ್ ಇದ್ದರು. ಮೂವತ್ತೈದು ವರ್ಷ ಮಧ್ಯೆ ಕಳೆದುಹೋಗಿತ್ತು, ಬೆರಳಿನ ಓಟ ಹಾಗೇ ಇತ್ತು. ಅದೇ ವರ್ಷ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಹಾಡಿದರು, ಆಮೇಲೆ ಗ್ಯಾಸ್‌ಲೈಟಿನಲ್ಲೂ ಹಾಡಿದರು. ಯೋಚಿಸಿ, ಗ್ರಾಮಫೋನ್ ತಟ್ಟೆಯಲ್ಲಿ ಕೇಳಿ ಕೇಳಿ ಅವರ ಬೆರಳಿನ ಚಲನೆ ಊಹಿಸಿಕೊಂಡು ಕಲಿತ ಹುಡುಗರು ಈಗ ಮೂರು ಅಡಿ ದೂರದಲ್ಲಿ ಕೂತು ಆ ಬೆರಳನ್ನೇ ನೋಡುತ್ತಿದ್ದಾರೆ. ದೊಡ್ಡ ಸಭಾಂಗಣದಲ್ಲಿ ಇದು ಆಗುತ್ತಿರಲಿಲ್ಲ. ಮೆಲುದನಿಯ ಮನುಷ್ಯ ಅವರು, ಬಾರಿನಲ್ಲೂ ಆಗುತ್ತಿರಲಿಲ್ಲ. 1966ರಲ್ಲಿ ತೀರಿಕೊಂಡರು.

ಕವಿಗಳು ಎಲ್ಲಿಗೆ ಹೋದರು? ಬಾಡಿಗೆ ಇನ್ನೂ ಕಮ್ಮಿ ಇದ್ದ ಪೂರ್ವದ ಕಡೆಗೆ. ಸೆಕೆಂಡ್ ಅವೆನ್ಯೂದ ಕೆಫೆ ಲೆ ಮೆಟ್ರೋದಲ್ಲಿ ಓದುತ್ತಿದ್ದರು. 1964ರಲ್ಲಿ ಅಲ್ಲಿಗೆ ನಗರದ ಇಲಾಖೆಯವರು ಬಂದು, ಕವಿತೆ ಓದುವುದೂ ಮನರಂಜನೆಯೇ, ನಿಮ್ಮಲ್ಲಿ ಅದಕ್ಕೆ ಲೈಸೆನ್ಸಿಲ್ಲ ಅಂತ ನೋಟಿಸು ಕೊಟ್ಟರು. ಕವಿತೆ ಮನರಂಜನೆ ಅಂತ ಸರ್ಕಾರ ಒಪ್ಪಿಕೊಂಡ ಅಪರೂಪದ ಗಳಿಗೆ ಅದು, ಸಂತೋಷಪಡಬೇಕಿತ್ತೇನೋ! ಗಿನ್ಸ್‌ಬರ್ಗ್ ಮತ್ತು ಗೆಳೆಯರು ಗಲಾಟೆ ಎಬ್ಬಿಸಿದರು, ನಗರದವರು ಹಿಂದೆ ಸರಿದರು. ಲೆ ಮೆಟ್ರೋದ ಓದು ಹೆಚ್ಚು ದಿನ ನಡೆಯಲಿಲ್ಲ. 1966ರಲ್ಲಿ ಹತ್ತಿರದ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ ಪೊಯೆಟ್ರಿ ಪ್ರಾಜೆಕ್ಟ್ ಶುರುವಾಯಿತು, ಅದು ಇವತ್ತಿಗೂ ಇದೆ.

ಗ್ಯಾಸ್‌ಲೈಟ್ 1971ರಲ್ಲಿ ಮುಚ್ಚಿತು. ಕಾರಣ ಒಂದೇ ಅಂತ ಹೇಳಲು ಬರುವುದಿಲ್ಲ. ಡಿಲನ್ 1965ರಲ್ಲಿ ನ್ಯೂಪೋರ್ಟಿನಲ್ಲಿ ಒಂಟಿ ಗಿಟಾರಿನ ಪದ್ಧತಿ ಬಿಟ್ಟು ಎಲೆಕ್ಟ್ರಿಕ್ ಗಿಟಾರು ಹಿಡಿದದ್ದನ್ನು ಎಲ್ಲರೂ ಹೇಳುತ್ತಾರೆ, ಆದರೆ ಅದಕ್ಕಿಂತ ದೊಡ್ಡ ಕಾರಣ ಗಣಿತ. ಹೆಸರು ಬಂದ ಹಾಡುಗಾರ ಒಂದು ಸಂಜೆ ಸಭಾಂಗಣದಲ್ಲಿ ಹಾಡಿದರೆ ಸಿಗುವ ದುಡ್ಡನ್ನು ನೂರು ಕುರ್ಚಿಯ ಕಾಫಿ ಅಂಗಡಿ ಒಂದು ತಿಂಗಳಿಗೂ ಕೊಡಲಾರದು. ಹಾಡಿಗೆ ಡ್ರಮ್ಮು, ಆಂಪ್ಲಿಫೈಯರು ಬಂದ ಮೇಲೆ ಆ ನೆಲಮಾಳಿಗೆಯಲ್ಲಿ ಜಾಗವೂ ಇಲ್ಲ, ಮೇಲಿನ ಮನೆಯವರಂತೂ ಇದ್ದೇ ಇದ್ದಾರೆ. ಯಾವ ಇಕ್ಕಟ್ಟು ಆ ಜಾಗವನ್ನು ಮಾಡಿತ್ತೋ ಅದೇ ಅದನ್ನು ಮುಗಿಸಿತು. ಈಗ ಆ ವಿಳಾಸಕ್ಕೆ ಹೋದರೆ ಕಟ್ಟಡ ಇದೆ, ಗ್ಯಾಸ್‌ಲೈಟ್ ಇಲ್ಲ. ಆ ನೆಲಮಾಳಿಗೆಯಲ್ಲಿ ಆಮೇಲೆ ಬಂದವು ಬಾರುಗಳು.

ಆದರೆ ಅದೇ ಕಾಲದ ಒಂದು ಕಾಫಿ ಹೌಸು ಇನ್ನೂ ಇದೆ, ಅದನ್ನು ಹೇಳಲೇಬೇಕು. ನ್ಯೂಯಾರ್ಕ್ ರಾಜ್ಯದ ಸರಟೋಗ ಸ್ಪ್ರಿಂಗ್ಸ್ ಅನ್ನೋ ಸಣ್ಣ ಊರಿನ ಕೆಫೆ ಲೀನಾ. 1960ರ ಮೇ ತಿಂಗಳಲ್ಲಿ ಲೀನಾ ಮತ್ತು ಬಿಲ್ ಸ್ಪೆನ್ಸರ್ ದಂಪತಿ ಒಂದು ಮಹಡಿಯ ಮೇಲೆ ಶುರು ಮಾಡಿದರು. ಒಂದೆರಡು ವರ್ಷ ನಡೆಸಿ, ದುಡ್ಡು ಮಾಡಿಕೊಂಡು ಯುರೋಪಿಗೆ ಹೋಗುವ ಪ್ಲಾನು. ದುಡ್ಡೂ ಆಗಲಿಲ್ಲ, ಯುರೋಪೂ ಆಗಲಿಲ್ಲ, ಗಂಡನೂ ಬಿಟ್ಟು ಹೋದ. ಲೀನಾ ಅಲ್ಲೇ ಉಳಿದರು. 1961ರಲ್ಲಿ ಡಿಲನ್ ಅಲ್ಲಿ ಹಾಡಿದಾಗ ಜನ ಕೇಳದೆ ಹರಟೆ ಹೊಡೆಯುತ್ತಿದ್ದರು, ಬಿಲ್ ವೇದಿಕೆ ಹತ್ತಿ ಅವರನ್ನು ಬೈದ ಅಂತ ಅಲ್ಲಿಯವರು ಹೇಳುತ್ತಾರೆ. ಊರೂರು ಸುತ್ತುವ ಹಾಡುಗಾರರಿಗೆ ಲೀನಾ ಊಟ ಹಾಕುತ್ತಿದ್ದರು, ಮಲಗಲು ಜಾಗ ಕೊಡುತ್ತಿದ್ದರು, ಸಾಲ ಯಾವಾಗಲೂ ತಲೆ ಮೇಲೆ ಇದ್ದೇ ಇರುತ್ತಿತ್ತು. 1989ರಲ್ಲಿ ಕೆಫೆಯ ಮೆಟ್ಟಿಲಿನಿಂದ ಬಿದ್ದು, ಚೇತರಿಸಿಕೊಳ್ಳದೆ ತೀರಿಕೊಂಡರು. ಅಲ್ಲಿಗೆ ಮುಗಿಯಬೇಕಿತ್ತು. ಗೆಳೆಯರು ಸೇರಿ ಅದನ್ನು ಲಾಭಕ್ಕಲ್ಲದ ಸಂಸ್ಥೆಯಾಗಿ ಮಾಡಿ ನಡೆಸಿದರು, 2016ರಲ್ಲಿ ಕಟ್ಟಡ ರಿಪೇರಿಯೂ ಆಯಿತು. ಇವತ್ತಿಗೂ ಅಲ್ಲಿ ಹಾಡು ಇದೆ, ಕವಿತೆ ಓದುವ ಸಂಜೆಗಳಿವೆ. ಕಾಫಿ ಮಾರಿ ಕವಿತೆ ಸಾಕಲು ಆಗುವುದಿಲ್ಲ ಅನ್ನುವುದನ್ನು ಗ್ಯಾಸ್‌ಲೈಟಿನವರು ಒಪ್ಪಲಿಲ್ಲ, ಇವರು ಒಪ್ಪಿಕೊಂಡು ಜನರ ಮುಂದೆ ಕೈ ಚಾಚಿದರು. ಒಂಥರಾ ಅದೂ ಬುಟ್ಟಿಯೇ ಅಲ್ವಾ?

ಗ್ಯಾಸ್‌ಲೈಟ್ ನೋಡಲಾಗದು, ಕೇಳಬಹುದು. 1962ರಲ್ಲಿ ಡಿಲನ್ ಅಲ್ಲಿ ಹಾಡಿದ್ದನ್ನು ಟೇಪ್ ಮಾಡಿದ್ದರು, ಅದರಲ್ಲಿ ಹತ್ತು ಹಾಡು 2005ರಲ್ಲಿ ಆಲ್ಬಮ್ಮಾಗಿ ಬಂತು. ಮೊದಲ ಹದಿನೆಂಟು ತಿಂಗಳು ಅದು ಸಿಗುತ್ತಿದ್ದದ್ದು ಸ್ಟಾರ್‌ಬಕ್ಸ್ ಅಂಗಡಿಗಳಲ್ಲಿ ಮಾತ್ರ. ಬೇಜಾರಾಗುವವರು ಆಗಲಿ, ನನಗೆ ನಗು ಬಂತು. ಅದರಲ್ಲಿ ‘ಹಾರ್ಡ್ ರೇನ್’ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಆ ಹಾಡಿನ ರೆಕಾರ್ಡು ಮಾರುಕಟ್ಟೆಗೆ ಬಂದದ್ದು 1963ರ ಮೇನಲ್ಲಿ. ಟೇಪಿನಲ್ಲಿ, ಅದಕ್ಕೆ ತಿಂಗಳುಗಟ್ಟಲೆ ಮೊದಲೇ, ಪಲ್ಲವಿ ಬಂದಾಗ ಡಿಲನ್ ದನಿಯ ಹಿಂದೆ ಕೋಣೆಯ ಜನರೂ ಮೆಲ್ಲಗೆ ಹಾಡುತ್ತಿರುವುದು ಕೇಳಿಸುತ್ತದೆ.